ಬ್ರೋಕನ್ ಹಿಲ್‌ಗೆ ಹೋದರೆ ಒಂದೇ ಗ್ಯಾಲರಿಗೆ ಎರಡು ಸಲ ಹೋಗಿ

ಪ್ರಶ್ನೆ: ನಾವು ಸಿಡ್ನಿಯಲ್ಲಿದ್ದೇವೆ. ಜುಲೈ ಶಾಲಾ ರಜೆಯಲ್ಲಿ ಬಾಡಿಗೆ ಕ್ಯಾರವಾನ್, ಅಂದರೆ ಗಾಡಿಮನೆ, ಎಳೆದುಕೊಂಡು ಬ್ರೋಕನ್ ಹಿಲ್ ಅನ್ನುವ ಗಣಿ ಊರಿಗೆ, ಅಲ್ಲಿಂದ ಅಡಿಲೇಡ್‌ಗೆ ಹೋಗುವ ಯೋಚನೆ ಇದೆ. ದಾವಣಗೆರೆಯಿಂದ ಅಪ್ಪ ಅಮ್ಮ ಬಂದಿದ್ದಾರೆ. ಅಪ್ಪ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಆ ಊರಿನ ಕಲಾವಿದರು ಮನೆಯಲ್ಲೇ ಗ್ಯಾಲರಿ ಇಟ್ಟುಕೊಂಡಿರುತ್ತಾರೆ ಅಂತ ಕೇಳಿದಾಗಿನಿಂದ ಅಲ್ಲಿಗೆ ಹೋಗಲೇಬೇಕು ಅನ್ನುತ್ತಿದ್ದಾರೆ. ನಮಗೆ ಸಂಕೋಚ. ಹೋದ ಮೇಲೆ ಏನಾದರೂ ಕೊಳ್ಳಲೇಬೇಕಾ? ಎಂಟು ವರ್ಷದ ಮಗನನ್ನು ಕರೆದುಕೊಂಡು ಹೋಗಬಹುದಾ? ಕೊಂಡರೆ ಕ್ಯಾರವಾನ್‌ನಲ್ಲಿ ಕೆಡದ ಹಾಗೆ ತರೋದು ಹೇಗೆ, ಅಪ್ಪ ಅದನ್ನು ಊರಿಗೆ ಒಯ್ಯೋದು ಹೇಗೆ?

ಉತ್ತರ: ಕೊಳ್ಳಲೇಬೇಕು ಅಂತ ಏನೂ ಇಲ್ಲ. ಮೊದಲು ಆ ಸಂಕೋಚ ಬಿಡಿ. ಇಂಥ ಗ್ಯಾಲರಿಗಳಿಗೆ ಬರುವವರಲ್ಲಿ ಜಾಸ್ತಿ ಜನ ನೋಡಿಕೊಂಡು ಹೋಗುವವರೇ. ಅದು ಕಲಾವಿದರಿಗೂ ಗೊತ್ತು. ಬೀದಿಗೆ ಬೋರ್ಡು ಹಾಕಿ ಬಾಗಿಲು ತೆರೆದಿಟ್ಟಿದ್ದಾರೆ ಅಂದರೆ ಬನ್ನಿ ಅಂತಲೇ ಅರ್ಥ.

ನಾನು ಅಡಿಲೇಡ್‌ನಲ್ಲಿ ಚಿತ್ರಗಳಿಗೆ ಕಟ್ಟು ಹಾಕುವ ಕೆಲಸ ಮಾಡುತ್ತೇನೆ. ಚಳಿಗಾಲ ಬಂತೆಂದರೆ ಹಳೇ ಕ್ಯಾರವಾನ್ ಎಳೆದುಕೊಂಡು ಮನೆಯವರ ಜೊತೆ ಬ್ರೋಕನ್ ಹಿಲ್ ಕಡೆ ಹೊರಟುಬಿಡುತ್ತೇನೆ. ಹಾಗಾಗಿ ಚಿತ್ರದ ಕಷ್ಟವೂ ಗೊತ್ತು, ಕ್ಯಾರವಾನ್ ಕಷ್ಟವೂ ಗೊತ್ತು. ನನ್ನ ಮುಖ್ಯ ಸಲಹೆ ಒಂದೇ. ನಾಲ್ಕು ಗ್ಯಾಲರಿಗಳನ್ನು ಒಂದೊಂದು ಸಲ ನೋಡಬೇಡಿ. ಒಂದನ್ನು ಎರಡು ಸಲ ನೋಡಿ. ನಡುವೆ ಒಂದು ಸಂಜೆ ಊರಾಚೆಯ ಬಯಲಿನಲ್ಲಿ ಕಳೆಯಿರಿ.

ನಾನು ಮೊದಲ ಸಲ ಹೋದಾಗ ಏನಾಯಿತು ಕೇಳಿ. ಒಬ್ಬ ಕಲಾವಿದರ ಮನೆ ಗ್ಯಾಲರಿ. ಗೋಡೆ ತುಂಬ ಕೆಂಪು ನೆಲ, ನೇರಳೆ ಗುಡ್ಡ, ಬೂದಿ ಬಣ್ಣದ ಪೊದೆ. ಪ್ರವಾಸಿಗಳಿಗೋಸ್ಕರ ಬಣ್ಣ ಸುರಿದಿದ್ದಾರೆ ಅಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮುಖದಲ್ಲಿ ಕಂಡಿರಬೇಕು. ಅವತ್ತು ಸಂಜೆ ಹತ್ತಿರದ ಸಿಲ್ವರ್‌ಟನ್ ಊರು ದಾಟಿ ಮುಂಡಿ ಮುಂಡಿ ಬಯಲು ಕಾಣುವ ದಿಬ್ಬಕ್ಕೆ ಹೋದೆವು. ಅಲ್ಲಿ ರಸ್ತೆ ಇಳಿಯುತ್ತದೆ, ಎದುರಿಗೆ ನೆಲ ಚಪ್ಪಟೆಯಾಗಿ ಆಕಾಶದ ಅಂಚಿನವರೆಗೂ ಹೋಗುತ್ತದೆ. ಮನೆ ಇಲ್ಲ, ಮರ ಇಲ್ಲ. ಸೂರ್ಯ ಮುಳುಗುವ ಹೊತ್ತಿಗೆ ಹಿಂದೆ ತಿರುಗಿ ನೋಡಿದರೆ ಗುಡ್ಡ ನಿಜವಾಗಿ ನೇರಳೆ. ಮಾರನೇ ದಿನ ಬೆಳಿಗ್ಗೆ ಮಗಳ ಬಿಳಿ ಕಾಲುಚೀಲ ಒಂದನ್ನು ಬಕೆಟ್ಟಿಗೆ ಹಾಕಿದೆ. ನೀರು ಕೆಮ್ಮಣ್ಣು ಕದಡಿದ ಹಾಗಾಯಿತು. ಇನ್ನೊಂದು ಕಾಲುಚೀಲವನ್ನು ಒಗೆಯದೆ ಜೇಬಿನಲ್ಲಿಟ್ಟುಕೊಂಡು ಅದೇ ಗ್ಯಾಲರಿಗೆ ಹೋದೆ. ಒಂದು ಚಿತ್ರದ ಪಕ್ಕ ಹಿಡಿದು ನೋಡಿದೆ. ಅದೇ ಬಣ್ಣ. ಆ ಕಲಾವಿದರು ನಕ್ಕು, ಮೊದಲ ದಿನ ಎಲ್ಲರೂ ಬಣ್ಣ ಜಾಸ್ತಿ ಅನ್ನುತ್ತಾರೆ, ಕಾಲುಚೀಲ ತಂದು ತಾಳೆ ನೋಡಿದವರು ನೀವೇ ಮೊದಲು ಅಂದರು.

ನಿಮ್ಮ ತಂದೆಯವರೂ ಮೊದಲ ದಿನ ಹಾಗೇ ಅನ್ನಬಹುದು. ಡ್ರಾಯಿಂಗ್ ಮೇಷ್ಟ್ರಲ್ವಾ, ಇನ್ನೂ ಗಟ್ಟಿಯಾಗಿ ಅಂದಾರು. ವಾದ ಮಾಡಬೇಡಿ. ಬಯಲು ತೋರಿಸಿ, ಮಾರನೇ ದಿನ ಮತ್ತೆ ಕರೆದುಕೊಂಡು ಹೋಗಿ. ಆ ಮರಳಿನ ಕಣಕಣಕ್ಕೂ ಕಬ್ಬಿಣದ ತುಕ್ಕಿನ ಲೇಪ ಇದೆ, ಕೆಂಪು ಅಲ್ಲಿಂದ ಬಂದದ್ದು. ಗಾಳಿಯಲ್ಲಿ ತೇವ ಕಡಿಮೆ. ನಮ್ಮ ಕಡೆ ದೂರದ ಗುಡ್ಡ ಮಬ್ಬಾಗುತ್ತದೆ, ಅಲ್ಲಿ ದೂರದ್ದೂ ಗೆರೆ ಎಳೆದ ಹಾಗೆ ಸ್ಪಷ್ಟ. ಪೊದೆಗಳು ಸಾಲ್ಟ್‌ಬುಷ್, ಬ್ಲೂಬುಷ್ ಜಾತಿಯವು. ಅವುಗಳ ಎಲೆ ಹಸಿರಲ್ಲ, ಬೂದಿ ಮೆತ್ತಿದ ಹಾಗಿರುತ್ತದೆ. ಹತ್ತಿರದ್ದಕ್ಕೆ ಗಾಢ ಬಣ್ಣ, ದೂರದ್ದಕ್ಕೆ ತೆಳು ಬಣ್ಣ ಅಂತ ಮಕ್ಕಳಿಗೆ ಹೇಳಿಕೊಟ್ಟವರು ಅವರು. ಆ ಪಾಠ ಅಲ್ಲಿ ಸ್ವಲ್ಪ ಕೈಕೊಡುತ್ತದೆ. ಅದನ್ನು ಅವರೇ ಕಂಡುಕೊಳ್ಳಲಿ.

ಈಗ ದಾರಿ. ಸಿಡ್ನಿಯಿಂದ ಹೆಚ್ಚುಕಡಿಮೆ 1,150 ಕಿಲೋಮೀಟರ್. ಹಿರಿಯರಿದ್ದಾರೆ, ಹಿಂದೆ ಕ್ಯಾರವಾನ್ ಇದೆ. ಮೂರು ದಿನ ಮಾಡಿಕೊಳ್ಳಿ. ಮೊದಲ ರಾತ್ರಿ ಡಬ್ಬೋ, ಎರಡನೇ ರಾತ್ರಿ ಕೋಬಾರ್. ಕೋಬಾರ್‌ನಿಂದ ಆಚೆಗೆ ಸುಮಾರು 455 ಕಿಲೋಮೀಟರ್, ನಡುವೆ ಊರು ಅಂತ ಇರೋದು ವಿಲ್ಕಾನಿಯಾ ಒಂದೇ. ಕೋಬಾರ್‌ನಲ್ಲೇ ಟ್ಯಾಂಕ್ ತುಂಬಿಸಿ. ಜುಲೈನಲ್ಲಿ ಐದೂವರೆಯೊಳಗೆ ಕತ್ತಲಾಗುತ್ತದೆ. ಕತ್ತಲಾದ ಮೇಲೆ ಕಾಂಗರೂಗಳು ರಸ್ತೆಗೆ ಬರುತ್ತವೆ. ನಾಲ್ಕೂವರೆಗೆಲ್ಲ ಕ್ಯಾರವಾನ್ ನಿಲ್ಲಿಸಿ ಟೀ ಕುಡಿಯುತ್ತಿರಬೇಕು. ಎದುರಿಗೆ ರೋಡ್ ಟ್ರೈನ್, ಅಂದರೆ ಹಲವು ಟ್ರೇಲರ್ ಎಳೆಯುವ ಲಾರಿ, ಬಂದರೆ ಗಾಬರಿಯಾಗಬೇಡಿ. ಔಟ್‌ಬ್ಯಾಕ್ ಅನ್ನುವ ಒಳನಾಡಿನ ಬರಡು ಪ್ರದೇಶದಲ್ಲಿ ಅವು 53.5 ಮೀಟರ್ ಉದ್ದದವರೆಗೂ ಇರುತ್ತವೆ. ಸ್ಟೀರಿಂಗ್ ಗಟ್ಟಿ ಹಿಡಿದು ನಿಮ್ಮ ಪಾಡಿಗೆ ನೀವು ಹೋಗಿ.

ಇನ್ನೊಂದು ವಿಷಯ, ಹೆಚ್ಚಿನವರು ಎಡವುವುದು ಇಲ್ಲೇ. ಬ್ರೋಕನ್ ಹಿಲ್ ಇರೋದು ನ್ಯೂ ಸೌತ್ ವೇಲ್ಸ್‌ನಲ್ಲಿ, ಆದರೆ ಗಡಿಯಾರ ಸೌತ್ ಆಸ್ಟ್ರೇಲಿಯಾದ್ದು. ಸಿಡ್ನಿಗಿಂತ ಅರ್ಧ ಗಂಟೆ ಹಿಂದೆ. ಗ್ಯಾಲರಿ ಹತ್ತಕ್ಕೆ ತೆರೆಯುತ್ತದೆ ಅಂದರೆ ನಿಮ್ಮ ಕೈಗಡಿಯಾರದಲ್ಲಿ ಹತ್ತೂವರೆ. ಚಳಿಗಾಲದಲ್ಲಿ ಅದು ದಾವಣಗೆರೆಗಿಂತ ಸರಿಯಾಗಿ ನಾಲ್ಕು ಗಂಟೆ ಮುಂದೆ, ಅಮ್ಮ ಊರಿಗೆ ಫೋನ್ ಮಾಡುವಾಗ ಲೆಕ್ಕ ಸಲೀಸು.

ಊರು ಬೆಳ್ಳಿ, ಸೀಸ, ಸತುವಿನ ಗಣಿಯಿಂದ ಹುಟ್ಟಿದ್ದು. 1883ರಲ್ಲಿ ಚಾರ್ಲ್ಸ್ ರಾಸ್ಪ್ ಅನ್ನುವವನು ಇಲ್ಲಿ ಅದಿರು ಕಂಡ. ಎರಡು ವರ್ಷದಲ್ಲಿ ಬಿಎಚ್‌ಪಿ ಗಣಿ ಕಂಪನಿ ಹುಟ್ಟಿತು. ಬೀದಿಗಳಿಗೂ ಖನಿಜ, ರಾಸಾಯನಿಕಗಳ ಹೆಸರೇ. ಆಕ್ಸೈಡ್, ಕ್ಲೋರೈಡ್, ಸಲ್ಫೈಡ್, ಬ್ರೋಮೈಡ್. ನಿಮ್ಮ ಮಗ ಇನ್ನೊಂದಿಷ್ಟು ವರ್ಷಕ್ಕೆ ಕೆಮಿಸ್ಟ್ರಿಯಲ್ಲಿ ಇವನ್ನೆಲ್ಲ ಉರು ಹೊಡೆಯಬೇಕು, ಈಗಲೇ ಬೋರ್ಡು ನೋಡಿಕೊಳ್ಳಲಿ. ದೊಡ್ಡ ಬೀದಿಯ ಹೆಸರು ಆರ್ಜೆಂಟ್ ಸ್ಟ್ರೀಟ್. ಬೆಳ್ಳಿ ಅಂತ ಅರ್ಥ. ನಮ್ಮ ಅರ್ಜೆಂಟಿಗೂ ಅದಕ್ಕೂ ಸಂಬಂಧ ಇಲ್ಲ, ಆ ಬೀದಿಯಲ್ಲಿ ಯಾರಿಗೂ ಅರ್ಜೆಂಟ್ ಇರುವುದಿಲ್ಲ. 2015ರಲ್ಲಿ ಇಡೀ ಊರನ್ನೇ ಆಸ್ಟ್ರೇಲಿಯಾದ ರಾಷ್ಟ್ರೀಯ ಪರಂಪರೆ ಪಟ್ಟಿಗೆ ಸೇರಿಸಿದರು. ಆ ಪಟ್ಟಿಗೆ ಸೇರಿದ ಮೊದಲ ನಗರ ಇದು.

ಗಣಿ ಊರಿನಲ್ಲಿ ಇಷ್ಟೊಂದು ಚಿತ್ರಕಾರರು ಎಲ್ಲಿಂದ ಬಂದರು ಅಂತ ಅಪ್ಪ ಕೇಳಬಹುದು. ಉತ್ತರ ಪ್ರೋ ಹಾರ್ಟ್ ಅವರಿಂದ ಶುರು ಮಾಡಬೇಕು. ನಿಜವಾದ ಹೆಸರು ಕೆವಿನ್ ಹಾರ್ಟ್. 1928ರಲ್ಲಿ ಇದೇ ಊರಿನಲ್ಲಿ ಹುಟ್ಟಿ, ಮೆನಿಂಡೀ ಹತ್ತಿರ ಕುರಿ ಫಾರ್ಮಿನಲ್ಲಿ ಬೆಳೆದರು. ಆಮೇಲೆ ಗಣಿಯೊಳಗೆ ದುಡಿದರು. ಸದಾ ಏನಾದರೂ ಯಂತ್ರ ಕಂಡುಹಿಡಿಯುತ್ತಿದ್ದುದರಿಂದ ಜೊತೆಯವರು ಪ್ರೊಫೆಸರ್ ಅಂತ ಕರೆದರು, ಅದೇ ಪ್ರೋ ಆಗಿ ಉಳಿಯಿತು. ಯಾವ ಕಲಾಶಾಲೆಯ ಪದವಿಯೂ ಇಲ್ಲ. ಬಣ್ಣವನ್ನು ಸಣ್ಣ ಫಿರಂಗಿಯಲ್ಲಿ ತುಂಬಿ ಕ್ಯಾನ್ವಾಸಿಗೆ ಹಾರಿಸಿದ ಮನುಷ್ಯ. ನಿಮ್ಮ ಮಗನಿಗೆ ಇದೊಂದು ಹೇಳಿ, ಸಾಕು, ಅವನೇ ಮುಂದೆ ಓಡುತ್ತಾನೆ.

ಇನ್ನೂ ಮೂವತ್ತು ವರ್ಷ ಹಿಂದೆ ಇಲ್ಲಿ ಟಿವಿ ನೋಡಿದವರಿಗೆ ಅವರು ಗೊತ್ತು. ಒಂದು ಕಾರ್ಪೆಟ್ ಜಾಹೀರಾತಿನಲ್ಲಿ ತಿಂಡಿ ತಿನಿಸು, ಸಾಸು ಎಲ್ಲ ಸುರಿದು ಕಾರ್ಪೆಟ್ ಮೇಲೆ ಡ್ರ್ಯಾಗನ್‌ಫ್ಲೈ ಬರೆಯುತ್ತಿದ್ದರು. ದೊಡ್ಡ ನಗರಗಳ ವಿಮರ್ಶಕರು ಅವರನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಜನ ಮಾತ್ರ ಮನೆಮನೆಗೂ ಒಯ್ದರು. 2006ರಲ್ಲಿ ತೀರಿಕೊಂಡಾಗ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು. ವೈಮನ್ ಬೀದಿಯ ಅವರ ಗ್ಯಾಲರಿ ಈಗಲೂ ಇದೆ. ಅವರೇ ಚಿತ್ರ ಬರೆದ ರೋಲ್ಸ್ ರಾಯ್ಸ್ ಕಾರೂ ಅವರ ಕತೆಯ ಭಾಗವೇ. ನನಗೆ ಕಾರಿಗಿಂತ ಅವರು ಬರೆದ ಇರುವೆಗಳು ಇಷ್ಟ. ಇರುವೆಗೂ ಗಣಿ ಕೆಲಸಗಾರನಿಗೂ ಏನು ವ್ಯತ್ಯಾಸ ಹೇಳಿ, ಇಬ್ಬರೂ ನೆಲ ಕೊರೆದು ಹೊರೆ ಹೊರುವವರೇ. ಅವರು ಮಾಡಿದ ಉಕ್ಕಿನ ದೊಡ್ಡ ಇರುವೆಯೊಂದು ಊರಿನಲ್ಲಿ ನಿಂತಿದೆ. ಚಿತ್ರಗಳಲ್ಲಿ ಬಣ್ಣ ಎಷ್ಟು ದಪ್ಪ ಅಂದರೆ ಪಕ್ಕದಿಂದ ನೋಡಿದರೆ ಮೆತ್ತಿದ ಬೆಣ್ಣೆಯ ಹಾಗೆ ಎದ್ದು ನಿಂತಿರುತ್ತದೆ. ಅಪ್ಪನಿಗೆ ಎದುರಿಗೆ ನಿಂತು ನೋಡಿದ ಮೇಲೆ ಗೋಡೆ ಪಕ್ಕಕ್ಕೆ ಹೋಗಿ ಓರೆಯಾಗಿ ನೋಡಲು ಹೇಳಿ. ಹೇಳಬೇಕಿಲ್ಲವೇನೋ, ಮೇಷ್ಟ್ರು ಹಾಗೇ ನೋಡುತ್ತಾರೆ.

1973ರಲ್ಲಿ ಪ್ರೋ ಹಾರ್ಟ್, ಜ್ಯಾಕ್ ಆ್ಯಬ್ಸಲಂ, ಎರಿಕ್ ಮಿಂಚಿನ್, ಜಾನ್ ಪಿಕಪ್, ಹ್ಯೂ ಶುಲ್ಜ್ ಐವರೂ ಸೇರಿ ಬ್ರಷ್‌ಮೆನ್ ಆಫ್ ದ ಬುಷ್ ಅಂತ ಗುಂಪು ಕಟ್ಟಿದರು. ಒಟ್ಟಿಗೆ ಪ್ರದರ್ಶನ ಮಾಡಿ ಬಂದ ಹಣದಲ್ಲಿ ದೂರದ ಊರುಗಳಿಗೆ ವಿಮಾನದಲ್ಲಿ ಹೋಗಿ ಚಿಕಿತ್ಸೆ ಕೊಡುವ ಫ್ಲೈಯಿಂಗ್ ಡಾಕ್ಟರ್ ಸೇವೆಯಂಥ ಕೆಲಸಗಳಿಗೆ ಕೊಟ್ಟರು. ಆ ಊರಿನಲ್ಲಿ ಚಿತ್ರ ಬರೆದು ಬದುಕಬಹುದು ಅನ್ನುವ ಧೈರ್ಯ ಮುಂದಿನವರಿಗೆ ಬಂದದ್ದು ಇವರಿಂದ.

ಆರ್ಜೆಂಟ್ ಬೀದಿಯಲ್ಲಿ ನಗರದ ಆರ್ಟ್ ಗ್ಯಾಲರಿ ಇದೆ, 1904ರದ್ದು, ಹಳೇ ಅಂಗಡಿ ಕಟ್ಟಡದಲ್ಲಿ. ಅಲ್ಲಿ ಬೆಳ್ಳಿಯ ಮರವೊಂದಿದೆ, ರಾಸ್ಪ್‌ಗೋಸ್ಕರ ಮಾಡಿಸಿದ್ದು. ಅರ್ಧ ಗಂಟೆ ಸಾಕು. ನೂರು ಮೀಟರ್ ಉದ್ದದ ದೊಡ್ಡ ಚಿತ್ರ ಬೇರೆ ಒಂದು ಕಡೆ ಇದೆ, ಮಗನಿಗೆ ಹಿಡಿಸಬಹುದು, ನನಗೆ ಅದು ಜಾಸ್ತಿ ಆಗುತ್ತದೆ.

ಇವೆಲ್ಲ ದೊಡ್ಡ ಹೆಸರುಗಳು. ಆದರೆ ನಾನು ಎರಡು ಸಲ ಹೋಗಿ ಅಂದದ್ದು ಬದುಕಿರುವ ಕಲಾವಿದರ ಜಾಗಕ್ಕೆ. ಊರಿನಲ್ಲೂ ಇವೆ, 25 ಕಿಲೋಮೀಟರ್ ಆಚೆ ಸಿಲ್ವರ್‌ಟನ್‌ನಲ್ಲೂ ಇವೆ. ಸಿಲ್ವರ್‌ಟನ್ ರಸ್ತೆ ಡಾಂಬರಿನದು. ಒಂದು ಕಾಲದಲ್ಲಿ ಸಾವಿರಾರು ಜನ ಇದ್ದ ಊರು, ಈಗ ಬೆರಳೆಣಿಕೆಯ ಮನೆ, ಒಂದು ಪಬ್, ಬೀದಿಯಲ್ಲಿ ಕತ್ತೆಗಳು, ಅದರ ನಡುವೆ ಗ್ಯಾಲರಿಗಳು.

ಹೋಗುವ ಮೊದಲು ಒಂದು ಫೋನ್ ಮಾಡಿ. ಹೊತ್ತು ಬರೆದ ಬೋರ್ಡು ಇರುತ್ತದೆ, ಆದರೆ ಕಲಾವಿದರು ಕುರಿ ಫಾರ್ಮಿಗೋ ಮೊಮ್ಮಗಳ ಆಟಕ್ಕೋ ಹೋಗಿರಬಹುದು. ಹಿಂದೆ ಕ್ಯಾರವಾನ್ ಸಿಕ್ಕಿಸಿಕೊಂಡು ಮಾತ್ರ ಹೋಗಬೇಡಿ. ಕಾರು ಕ್ಯಾರವಾನ್ ಸೇರಿ ಹನ್ನೆರಡು ಹದಿಮೂರು ಮೀಟರ್ ಆಗುತ್ತದೆ. ಮನೆ ಮುಂದಿನ ಬೀದಿಯಲ್ಲಿ ತಿರುಗಿಸಲು ಆಗದೆ ನಾನೇ ಒಂದು ಸಲ ಪಕ್ಕದ ಮನೆಯವರ ಅಂಚೆ ಡಬ್ಬ ಬಗ್ಗಿಸಿದ್ದೇನೆ. ಕ್ಯಾರವಾನ್ ಪಾರ್ಕಿನಲ್ಲಿ ಬಿಚ್ಚಿಟ್ಟು ಕಾರಿನಲ್ಲಿ ಹೋಗಿ.

ಬಾಗಿಲಲ್ಲಿ ಗಂಟೆ ಇರುತ್ತದೆ, ಅಥವಾ ಬಾಗಿಲು ನೂಕಿದರೆ ಗಂಟೆ ಸದ್ದು ಮಾಡುತ್ತದೆ. ಒಳಗೆ ಯಾರೂ ಕಾಣದಿದ್ದರೆ ಸುಮ್ನೆ ನಿಲ್ಲಿ. ಹಿಂದಿನ ಕೋಣೆಯಿಂದ ಕೈ ಒರೆಸಿಕೊಳ್ಳುತ್ತಾ ಬರುತ್ತಾರೆ. ನಮಸ್ಕಾರದ ಹಾಗೆ ಅಲ್ಲಿನ ಮೊದಲ ಮಾತು, ಎಲ್ಲಿಂದ ಬಂದಿರಿ. ಆಗಲೇ ಹೇಳಿಬಿಡಿ: ನಮ್ಮ ತಂದೆ ಇಂಡಿಯಾದಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದರು, ನೋಡಬೇಕು ಅಂತ ಆಸೆಪಟ್ಟು ಬಂದಿದ್ದಾರೆ. ಆಮೇಲೆ ನೀವು ನಡುವೆ ಬರಬೇಡಿ. ಅಪ್ಪನ ಇಂಗ್ಲಿಷ್ ಹೇಗಿದ್ದರೂ ಪರವಾಗಿಲ್ಲ. ಚಿತ್ರ ಬರೆಯುವ ಇಬ್ಬರು ಬ್ರಷ್ ತೋರಿಸಿಕೊಂಡು ಅರ್ಧ ಗಂಟೆ ಮಾತಾಡುತ್ತಾರೆ, ನಾನು ನೋಡಿದ್ದೇನೆ. ಒಂದು ಕೆಲಸ ಮಾಡಿ, ಅಪ್ಪನ ಹಳೇ ಡ್ರಾಯಿಂಗ್ ಒಂದೆರಡು ಫೋನಿನಲ್ಲಿ ಇಟ್ಟುಕೊಳ್ಳಿ. ಹೈಯರ್ ಗ್ರೇಡ್ ಪರೀಕ್ಷೆಗೆ ಮಕ್ಕಳಿಗೆ ಕಲಿಸುತ್ತಿದ್ದ ಸ್ಟಿಲ್ ಲೈಫ್ ಇದ್ದರೂ ಆಯಿತು.

ಕೇಳಬಹುದಾದ ಪ್ರಶ್ನೆ ಬೇಕಾದಷ್ಟಿವೆ. ಈ ಜಾಗ ಎಲ್ಲಿದೆ, ಹೋಗಬಹುದಾ? ಹೊರಗೆ ಕೂತು ಬರೆದದ್ದಾ, ಒಳಗಾ? ಈ ಬೂದಿ ಹಸಿರು ಯಾವ ಬಣ್ಣ ಕಲಸಿದ್ದು? ಇದು ಬರೆಯಲು ಎಷ್ಟು ದಿನ ಹಿಡಿಯಿತು ಅಂತ ಮಾತ್ರ ಕೇಳಬೇಡಿ. ದಿನಕ್ಕೆ ಹತ್ತು ಜನ ಕೇಳುತ್ತಾರೆ, ಆಮೇಲೆ ಬೆಲೆಯನ್ನು ದಿನದಿಂದ ಭಾಗಿಸುತ್ತಾರೆ. ಫೋಟೋ ತೆಗೆಯುವ ಮೊದಲು ಕೇಳಿ. ಆಸ್ಟ್ರೇಲಿಯಾದಲ್ಲಿ ಚಿತ್ರದ ಹಕ್ಕು ಕಲಾವಿದರ ಜೀವಮಾನ ಮತ್ತು ಅದರ ಮೇಲೆ 70 ವರ್ಷ ಇರುತ್ತದೆ. ನೀವು ದುಡ್ಡು ಕೊಟ್ಟು ಚಿತ್ರ ಕೊಂಡರೂ ಹಕ್ಕು ಅವರದೇ. ಮನೆ ಗೋಡೆಗೆ ಹಾಕಬಹುದು, ಕ್ಯಾಲೆಂಡರ್ ಮಾಡಿಸುವ ಹಾಗಿಲ್ಲ.

ಮಗನನ್ನು ಖಂಡಿತ ಕರೆದುಕೊಂಡು ಹೋಗಿ. ಒಳಗೆ ಹೋಗುವ ಮೊದಲು ಬ್ಯಾಗ್ ಬೆನ್ನಿನಿಂದ ಇಳಿಸಿ. ಚಿತ್ರಕ್ಕೆ ಪೆಟ್ಟಾಗುವುದು ಮಕ್ಕಳ ಕೈಯಿಂದಲ್ಲ, ತಿರುಗಿದಾಗ ತಾಗುವ ಬ್ಯಾಗಿನಿಂದ. ದೊಡ್ಡವರ ಬ್ಯಾಗಿಗೂ ಇದೇ ಮಾತು. ಮಗನ ಕೈಗೆ ಐದೋ ಹತ್ತೋ ಡಾಲರ್ ಕೊಟ್ಟು ಅವನಿಗಿಷ್ಟವಾದ ಕಾರ್ಡು ಅವನೇ ಆರಿಸಲಿ. ಏನೂ ಕೊಳ್ಳದೆ ಹೊರಡುವ ಸಂಕೋಚವೂ ಅಲ್ಲಿಗೇ ಮುಗಿಯುತ್ತದೆ.

ಸಂಜೆ ಬಯಲಿಗೆ ಹೋಗಿ ಅಂದೆನಲ್ಲ. ಸಿಲ್ವರ್‌ಟನ್ ಕಡೆ ಹೋಗಲು ಆಗದಿದ್ದರೆ ಊರಿನಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಲಿವಿಂಗ್ ಡೆಸರ್ಟ್‌ಗೆ ಹೋಗಿ. 1993ರಲ್ಲಿ ಬೇರೆ ಬೇರೆ ದೇಶಗಳ ಶಿಲ್ಪಿಗಳು ಬಂದು ಗುಡ್ಡದ ಮೇಲೆ ಮರಳುಗಲ್ಲಿನಲ್ಲಿ ಕೆತ್ತಿದ 12 ಶಿಲ್ಪಗಳು ಅಲ್ಲಿವೆ. ಹತ್ತಿರದವರೆಗೆ ಕಾರು ಹೋಗುತ್ತದೆ, ಕೊನೆಯ ಏರು ನಡೆಯಬೇಕು. ಅಮ್ಮನಿಗೆ ಶಾಲು, ಟೋಪಿ ಎರಡೂ ಇರಲಿ. ಸೂರ್ಯ ಇಳಿದ ಮರುಕ್ಷಣ ಚಳಿ ಕಚ್ಚುತ್ತದೆ.

ಮೂಲನಿವಾಸಿಗಳ ಕಲೆ ಕೊಳ್ಳುವ ಮನಸ್ಸಿದ್ದರೆ ಒಂದಿಷ್ಟು ಎಚ್ಚರ ಬೇಕು. ಬ್ರೋಕನ್ ಹಿಲ್ ವಿಲ್ಯಾಕಲಿ ಜನರ ನೆಲ. ಪೂರ್ವಕ್ಕೆ ಡಾರ್ಲಿಂಗ್ ನದಿ, ಅದರ ದಡದವರು ಬಾರ್ಕಿಂಜಿ ಜನ, ಅವರ ಮಾತಿನಲ್ಲಿ ಆ ನದಿ ಬಾಕಾ. ಅಂಗಡಿಗಳಲ್ಲಿ ಚುಕ್ಕಿ ಚುಕ್ಕಿ ಬೂಮರಾಂಗ್, ಮಗ್ಗು ರಾಶಿ ಬಿದ್ದಿರುತ್ತವೆ. ಇಂಥ ನೆನಪಿನ ಸಾಮಾನುಗಳಲ್ಲಿ ಹೆಚ್ಚಿನವು ಮೂಲನಿವಾಸಿಗಳು ಮಾಡಿದ್ದೇ ಅಲ್ಲ, 2022ರಲ್ಲಿ ಸರ್ಕಾರದ ಆಯೋಗದ ವರದಿಯೇ ಹಾಗೆ ಹೇಳಿದೆ. ಆದ್ದರಿಂದ ಮೂರು ಪ್ರಶ್ನೆ ಕೇಳಿ: ಬರೆದವರು ಯಾರು, ಯಾವ ಊರಿನವರು, ಅವರಿಗೆ ದುಡ್ಡು ಹೇಗೆ ಹೋಗುತ್ತದೆ. ಮೂಲನಿವಾಸಿ ಕಲಾವಿದರ ಜೊತೆ ನ್ಯಾಯವಾಗಿ ವ್ಯಾಪಾರ ಮಾಡುವ ನಿಯಮಾವಳಿಯಾದ ಇಂಡಿಜಿನಸ್ ಆರ್ಟ್ ಕೋಡ್‌ಗೆ ಸೇರಿದ ಅಂಗಡಿ, ಇಲ್ಲವೇ ಸಮುದಾಯದವರೇ ನಡೆಸುವ ಆರ್ಟ್ ಸೆಂಟರ್ ಆದರೆ ತಕ್ಷಣ ಉತ್ತರ ಕೊಡುತ್ತಾರೆ. ತಡವರಿಸಿದರೆ ನಮಸ್ಕಾರ ಹೇಳಿ ಬನ್ನಿ. ಚಿತ್ರದ ಹಿಂದಿನ ಕತೆ ಅವರು ಹೇಳಿದಷ್ಟು ಕೇಳಿ, ಕೆದಕಬೇಡಿ. ಕೆಲವು ಕತೆ ಹೊರಗಿನವರಿಗೆ ಹೇಳುವಂಥದ್ದಲ್ಲ, ನಮ್ಮಲ್ಲೂ ಮನೆದೇವರ ಕೆಲವು ಸಂಗತಿ ಹೊರಗೆ ಹೇಳುವುದಿಲ್ಲ ಅಲ್ವಾ, ಹಾಗೆ.

ಇನ್ನು ಕೊಳ್ಳುವ ಮಾತು. ಮೊದಲ ದಿನ ಕೊಳ್ಳಬೇಡಿ. ರಾತ್ರಿ ಕ್ಯಾರವಾನ್‌ನಲ್ಲಿ ಮಲಗಿದಾಗ ಯಾವ ಚಿತ್ರ ಕಣ್ಣ ಮುಂದೆ ಬರುತ್ತದೋ ಅದಕ್ಕೋಸ್ಕರ ಮಾರನೇ ದಿನ ಹೋಗಿ. ಬೆಲೆ ಚೌಕಾಸಿ ಮಾಡುವುದು ಅಲ್ಲಿ ಚೆನ್ನಾಗಿರುವುದಿಲ್ಲ. ಇದೇ ಜಾಗದ ಸಣ್ಣ ಚಿತ್ರ ಇದೆಯಾ ಅಂತ ಕೇಳಿ, ಡ್ರಾಯರಿನಿಂದ ಕಟ್ಟು ಹಾಕದ ಸ್ಟಡಿಗಳನ್ನು, ಅಂದರೆ ಅಭ್ಯಾಸದ ಚಿತ್ರಗಳನ್ನು, ತೆಗೆಯುತ್ತಾರೆ. ಎಷ್ಟೋ ಸಲ ದೊಡ್ಡ ಚಿತ್ರಕ್ಕಿಂತ ಅವೇ ಚೆನ್ನ, ಕೈ ಹಗುರವಾಗಿ ಓಡಿರುತ್ತದೆ. ದೊಡ್ಡದೇ ಬೇಕು ಅಂದರೆ ಲೇ-ಬೈ ಕೇಳಿ, ಕಂತಿನಲ್ಲಿ ಕಟ್ಟಿ ಮುಗಿದ ಮೇಲೆ ಕಳಿಸುತ್ತಾರೆ.

ಪ್ರಿಂಟ್ ಆದರೆ ಕೆಳಗೆ ಪೆನ್ಸಿಲಿನಲ್ಲಿ 12/100 ಅಂತ ಬರೆದಿದೆಯಾ ನೋಡಿ. ನೂರು ಪ್ರತಿಗಳಲ್ಲಿ ಹನ್ನೆರಡನೆಯದು ಅಂತ. ಯಾವ ಶಾಯಿ ಅಂತಲೂ ಕೇಳಿ. ಪಿಗ್ಮೆಂಟ್ ಶಾಯಿಯದು ಬಾಳಿಕೆ ಬರುತ್ತದೆ, ಮಾಮೂಲಿ ಪೋಸ್ಟರ್ ಬಿಸಿಲಿಗೆ ನೀಲಿಗಟ್ಟುತ್ತದೆ. ಪ್ರೋ ಹಾರ್ಟ್ ಹೆಸರಿನ ಮೂಲ ಚಿತ್ರ ಅಂತ ಯಾರಾದರೂ ಬೇರೆ ಕಡೆ ಅಗ್ಗಕ್ಕೆ ಕೊಟ್ಟರೆ ಮುಟ್ಟಬೇಡಿ. ನಕಲಿ ಹಾವಳಿಗೆ ಬೇಸತ್ತು ಅವರು ಚಿತ್ರಗಳಿಗೆ ತಮ್ಮದೇ ಡಿಎನ್ಎ ಗುರುತು ಹಚ್ಚಲು ಶುರು ಮಾಡಿದ್ದರು.

ಕಟ್ಟು ಹಾಕುವವನಾಗಿ ಹೇಳುತ್ತೇನೆ, ಕಟ್ಟು ಹಾಕದ ಚಿತ್ರವನ್ನೇ ತೆಗೆದುಕೊಳ್ಳಿ. ಭಾರ, ಗಾಜು, ಒಡೆಯುವ ಭಯ ಎಲ್ಲವೂ ಕಟ್ಟಿನದೇ. ದಾವಣಗೆರೆಯಲ್ಲಿ ಹಾಕಿಸಿ. ಕಾಗದದ ಮೇಲಿನ ಚಿತ್ರವಾದರೆ ಗಾಜಿಗೆ ತಾಗದಂತೆ ನಡುವೆ ಮೌಂಟ್ ಬೋರ್ಡ್ ಇಡಲು ಹೇಳಿ, ಮಳೆಗಾಲದಲ್ಲಿ ಗಾಜಿಗೆ ಅಂಟಿಕೊಳ್ಳುವುದಿಲ್ಲ.

ಕ್ಯಾರವಾನ್‌ನಲ್ಲಿ ತರುವುದರ ಬಗ್ಗೆ ನನ್ನ ಪೆದ್ದುತನ ಕೇಳಿ ಕಲಿಯಿರಿ. ಒಂದು ಬೇಸಿಗೆಯಲ್ಲಿ ಅಕ್ರಿಲಿಕ್ ಬಣ್ಣದ ಚಿತ್ರ ಕೊಂಡು, ಬಬಲ್ ರ‍್ಯಾಪನ್ನು ಗುಳ್ಳೆ ಚಿತ್ರದ ಕಡೆ ಬರುವ ಹಾಗೆ ಬಿಗಿಯಾಗಿ ಸುತ್ತಿ, ಮುಚ್ಚಿದ ಕ್ಯಾರವಾನ್‌ನಲ್ಲಿ ಮೂರು ದಿನ ಬಿಟ್ಟೆ. ಬಿಚ್ಚಿದರೆ ನೀಲಿ ಆಕಾಶದ ತುಂಬ ಪಡ್ಡಿನ ಕಾವಲಿಯ ಹಾಗೆ ಸಾಲುಸಾಲು ಗುಳಿ. ಇದೇ ನನ್ನ ಕಸುಬು, ಆದರೂ. ಅಕ್ರಿಲಿಕ್ ಬಿಸಿಗೆ ಮೆತ್ತಗಾಗುತ್ತದೆ, ಒತ್ತಿದ್ದು ಅಚ್ಚಾಗುತ್ತದೆ. ಜುಲೈನಲ್ಲಿ ಅಷ್ಟು ಬಿಸಿ ಇರುವುದಿಲ್ಲ, ಆದರೆ ಬಿಸಿಲಲ್ಲಿ ನಿಂತ ಮುಚ್ಚಿದ ಗಾಡಿಯೊಳಗೆ ಯಾವ ತಿಂಗಳೂ ನಂಬುವ ಹಾಗಿಲ್ಲ.

ಸರಿಯಾದ ಕ್ರಮ ಇಷ್ಟೇ. ಅಡುಗೆಮನೆಯ ಬೇಕಿಂಗ್ ಪೇಪರ್ ಚಿತ್ರದ ಮೇಲೆ ಸಡಿಲವಾಗಿ ಹಾಸಿ. ಮೂಲೆಗಳಿಗೆ ರಟ್ಟು ಮಡಿಸಿ ಇಡಿ. ಚಿತ್ರಕ್ಕಿಂತ ಎರಡು ಬೆರಳು ದೊಡ್ಡದಾದ ಎರಡು ರಟ್ಟಿನ ನಡುವೆ ಕೂರಿಸಿ. ಗುಳ್ಳೆ ಹಾಳೆ ಅದರ ಹೊರಗೆ. ಎಣ್ಣೆ ಬಣ್ಣದ ಚಿತ್ರವಾದರೆ ಯಾವಾಗ ಬರೆದದ್ದು ಅಂತ ಕೇಳಿ. ಮೇಲೆ ಒಣಗಿದ ಹಾಗೆ ಕಂಡರೂ ದಪ್ಪ ಬಣ್ಣ ಒಳಗೆ ತಿಂಗಳುಗಟ್ಟಲೆ ಹಸಿ ಇರುತ್ತದೆ. ಅಂಥದ್ದನ್ನು ಗಾಡಿಯಲ್ಲಿ ತರಲೇಬೇಡಿ, ಒಣಗಿದ ಮೇಲೆ ಅವರೇ ಕಳಿಸಲಿ. ಆಸ್ಟ್ರೇಲಿಯಾ ಪೋಸ್ಟ್‌ನಲ್ಲಿ ಪಾರ್ಸೆಲ್ 105 ಸೆಂಟಿಮೀಟರ್ ಉದ್ದ, 22 ಕಿಲೋ ತೂಕ ದಾಟುವ ಹಾಗಿಲ್ಲ. ಚಿತ್ರದ ಅಳತೆ ಆರಿಸುವಾಗಲೇ ಇದು ತಲೆಯಲ್ಲಿರಲಿ.

ಕ್ಯಾರವಾನ್‌ನಲ್ಲಿ ಅದರ ಜಾಗ ಹಾಸಿಗೆ ಮೇಲೆ, ಕಂಬಳಿ ಸುತ್ತಿ, ಮೇಲೆ ಏನೂ ಇಡದೆ. ಮುಂದಿನ ಸಾಮಾನು ಡಬ್ಬಿಗೆ ಧೂಳು ನುಗ್ಗುತ್ತದೆ, ಅಲ್ಲಿ ಬೇಡ. ಅಪ್ಪ ಎಲ್ಲಾದರೂ ಕಲ್ಲಿನ ಶಿಲ್ಪಕ್ಕೆ ಮನಸೋತರೆ ಅದು ನೆಲದಲ್ಲಿ, ಚಕ್ರಗಳ ಮೇಲಿನ ಭಾಗದಲ್ಲಿ ಇರಬೇಕು. ತೀರಾ ಹಿಂದೆ ಭಾರ ಹಾಕಿದರೆ ವೇಗದಲ್ಲಿ ಕ್ಯಾರವಾನ್ ಬಾಲ ಬೀಸುತ್ತದೆ. ಬಾಡಿಗೆ ಒಪ್ಪಂದದಲ್ಲಿ ಮಣ್ಣುರಸ್ತೆಗೆ ಒಯ್ಯಬಾರದು ಅಂತ ಇದೆಯಾ ಅಂತಲೂ ಓದಿಕೊಳ್ಳಿ, ಹೆಚ್ಚಾಗಿ ಇರುತ್ತದೆ. ಮಳೆ ಬಂದರೆ ಆ ರಸ್ತೆಗಳನ್ನೇ ಮುಚ್ಚುತ್ತಾರೆ, ಮುಚ್ಚಿದ ರಸ್ತೆಗೆ ಇಳಿದರೆ ದಂಡ.

ಊರಿಗೆ ಒಯ್ಯಲು ಸುಲಭ ದಾರಿ ಸುರುಳಿ ಸುತ್ತುವುದು. ಬಣ್ಣ ತೆಳುವಾಗಿದ್ದರೆ ಮಾತ್ರ. ಪ್ರೋ ಹಾರ್ಟ್ ರೀತಿಯ ದಪ್ಪ ಬಣ್ಣ ಸುತ್ತಿದರೆ ಬಿರುಕು ಬಿಡುತ್ತದೆ. ಬಣ್ಣದ ಮುಖ ಹೊರಗೆ ಬರುವ ಹಾಗೆ ಸುತ್ತಬೇಕು. ಎಲ್ಲರೂ ಒಳಗೆ ಹಾಕುತ್ತಾರೆ, ಅದು ತಪ್ಪು, ಬಣ್ಣ ಒಂದಕ್ಕೊಂದು ಒತ್ತಿ ಸುಕ್ಕಾಗುತ್ತದೆ. ಕೊಳವೆ ಕನಿಷ್ಠ ಹತ್ತು ಸೆಂಟಿಮೀಟರ್ ಅಗಲ ಇರಲಿ. ಮನೆ ತಲುಪಿದ ದಿನವೇ ಬಿಚ್ಚಲಿ.

ವಿಮಾನ ನಿಲ್ದಾಣದಲ್ಲಿ ತೆರಿಗೆ ವಾಪಸ್ ಪಡೆಯುವ ಟಿಆರ್‌ಎಸ್ ಅಪ್ಪನಿಗೆ ಅನ್ವಯಿಸುತ್ತದೆ. ಒಂದೇ ಎಬಿಎನ್ (ವ್ಯಾಪಾರ ನೋಂದಣಿ) ನಂಬರಿನ ಮಾರಾಟಗಾರರಿಂದ 300 ಡಾಲರ್ ಅಥವಾ ಜಾಸ್ತಿ ಮೊತ್ತದ್ದು, ಹೊರಡುವ ಮೊದಲಿನ 60 ದಿನದೊಳಗೆ ಕೊಂಡದ್ದು ಆಗಿರಬೇಕು. ವಾಪಸ್ ಬರುವುದು ಬೆಲೆಯ ಹನ್ನೊಂದನೇ ಒಂದು ಭಾಗ, ಅಂದರೆ 550 ಡಾಲರಿನ ಚಿತ್ರಕ್ಕೆ 50. ದುಡ್ಡು ಅಪ್ಪನೇ ಕೊಡಲಿ, ಟ್ಯಾಕ್ಸ್ ಇನ್‌ವಾಯ್ಸ್ ಅವರ ಹೆಸರಿನಲ್ಲಿರಲಿ, ಚಿತ್ರ ಅವರ ಕೈಯಲ್ಲೇ ಇರಲಿ. ಆದರೆ ಒಂದು ಮಾತು. ವರ್ಷಕ್ಕೆ 75,000 ಡಾಲರಿಗಿಂತ ಕಡಿಮೆ ವ್ಯಾಪಾರ ಇರುವವರು ಜಿಎಸ್‌ಟಿಗೆ ಸೇರಲೇಬೇಕು ಅಂತಿಲ್ಲ. ಸಣ್ಣ ಕಲಾವಿದರು ಎಷ್ಟೋ ಜನ ಸೇರಿರುವುದಿಲ್ಲ. ಅವರ ಬಿಲ್ಲಿನಲ್ಲಿ ತೆರಿಗೆಯೇ ಇರುವುದಿಲ್ಲ, ಹಾಗಾಗಿ ವಾಪಸ್ ಬರಲು ಏನೂ ಇಲ್ಲ. ಅದಕ್ಕೋಸ್ಕರ ಆ ಚಿತ್ರ ಬಿಡಬೇಡಿ. ಬಿಲ್ಲು ಮಾತ್ರ ಜೋಪಾನ, ನಮ್ಮ ಕಡೆಯ ಕಸ್ಟಮ್ಸ್‌ನವರು ಕೇಳಿದರೆ ತೋರಿಸಲು ಬೇಕು.

ಕೊನೆಗೆ ಚಿತ್ರಕ್ಕೆ ಸಂಬಂಧ ಇಲ್ಲದ್ದು, ಅಮ್ಮನಿಗೆ ಹೇಳಿ. ಅಡಿಲೇಡ್ ದಾರಿಯಲ್ಲಿ ಊಡ್ಲಾ ವಿರ್ರಾ ಅನ್ನುವಲ್ಲಿ ಹಣ್ಣುನೊಣದ ತಪಾಸಣೆ ಇದೆ. ಕ್ಯಾರವಾನ್ ಫ್ರಿಜ್ಜನ್ನೂ ತೆಗೆದು ನೋಡುತ್ತಾರೆ. ನಿಂಬೆಹಣ್ಣು, ಹಸಿಮೆಣಸಿನಕಾಯಿ, ಟೊಮೆಟೊ, ಬದನೆಕಾಯಿ ಯಾವುದೂ ಆಚೆ ಹೋಗುವ ಹಾಗಿಲ್ಲ. ಬ್ರೋಕನ್ ಹಿಲ್‌ನ ಕೊನೆ ರಾತ್ರಿ ಎಲ್ಲ ಸೇರಿಸಿ ಚಿತ್ರಾನ್ನ, ಗೊಜ್ಜು ಮಾಡಿ ಮುಗಿಸಿಬಿಡಿ.